57 ಸುರಂಗ, ಒಂದು ಸುಳ್ಳು

ಇಲ್ಲಿ ಏನೂ ಬರೆಯದೆ ಬಹಳ ದಿನ ಆಗಿಹೋಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತೇನಲ್ಲ. ಇದ್ದ ಒಂದು ವಿಷಯವನ್ನು ಬರೆಯೋಕೆ ನಾಚಿಕೆ ಆಗ್ತಿತ್ತು, ಅಷ್ಟೇ. ಮೊನ್ನೆ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗ ಸಹೋದ್ಯೋಗಿಯೊಬ್ಬರು, "ಮೇಡಂ, ನೀವೊಬ್ರೇ ರೈಲಲ್ಲಿ ಘಟ್ಟ ಇಳಿದು ಕಾರವಾರದ ತನಕ ಹೋಗಿ ಬಂದಿರಂತಲ್ಲ, ಅದನ್ನ ಬರೀಬಾರದಾ?" ಅಂದರು. ಬರೀಬಹುದು. ಆದರೆ ಆ ಪ್ರವಾಸ ಶುರುವಾಗಿದ್ದು ಒಂದು ಸುಳ್ಳಿನಿಂದ. ಅದನ್ನು ಬಿಟ್ಟು ಬರೆದರೆ ಅದು ಎರಡನೇ ಸುಳ್ಳಾಗುತ್ತೆ. ಹಾಗಾಗಿ ಎರಡನ್ನೂ ಬರೀತೀನಿ, ಬೈಯೋದಾದ್ರೆ ಪೂರ್ತಿ ಓದಿ ಬೈಯಿರಿ :)

ನಾನು ಯಳಂದೂರಿನ ಹತ್ತಿರದ ಒಂದು ಶಾಲೆಯಲ್ಲಿ ಸಮಾಜ ಪಾಠ ಮಾಡುವವಳು. ಪ್ರತಿ ವರ್ಷ ಯೂರೋಪ್ ಖಂಡ ಬರುತ್ತೆ. ಪ್ರತಿ ವರ್ಷ ನಾರ್ವೆಯ ಕರಾವಳಿ ಬರುತ್ತೆ. "ಹಿಮನದಿಗಳು ಸಾವಿರಾರು ವರ್ಷ ಬೆಟ್ಟವನ್ನು ಕೊರೆದು ಆಳವಾದ ಕಣಿವೆ ಮಾಡುತ್ತವೆ, ಹಿಮ ಕರಗಿದ ಮೇಲೆ ಆ ಕಣಿವೆಗೆ ಸಮುದ್ರದ ನೀರು ನುಗ್ಗುತ್ತದೆ, ಅದಕ್ಕೆ ಫಿಯೋರ್ಡ್ ಅನ್ನುತ್ತಾರೆ" ಅಂತ ನಾನು ಹೇಳ್ತೀನಿ, ಮಕ್ಕಳು ಬರ್ಕೋತಾರೆ. ಹದಿನಾಲ್ಕು ವರ್ಷದಿಂದ ಹೀಗೇ ನಡೆದಿತ್ತು. 2023ರ ಮಳೆಗಾಲದಲ್ಲಿ ಮುಂದಿನ ಬೆಂಚಿನ ಒಬ್ಬಳು ಹುಡುಗಿ ಪೆನ್ಸಿಲ್ ಕೆಳಗಿಟ್ಟು ಕೇಳಿಬಿಟ್ಟಳು.

"ಮಿಸ್, ನೀವು ನೋಡಿದ್ದೀರಾ?"

ಇಲ್ಲ ಅಂದಿದ್ದರೆ ಮುಗಿದುಹೋಗ್ತಿತ್ತು. ನನ್ನ ಬಾಯಿಂದ ಬಂದದ್ದು "ಹೂಂ". ಯಾಕೆ ಬಂತು ಅಂತ ಇವತ್ತಿಗೂ ಗೊತ್ತಿಲ್ಲ.

"ಹೆಂಗ್ ಹೋದ್ರಿ ಮಿಸ್?"

"ರೈಲಲ್ಲಿ."

ಪೂರ್ತಿ ಸುಳ್ಳೂ ಅಲ್ಲ ಅಂತ ಆಮೇಲೆ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ನಾರ್ವೆಯ ಓಸ್ಲೋದಿಂದ ಬರ್ಗೆನ್‌ಗೆ ಒಂದು ರೈಲು ಮಾರ್ಗ ಇದೆ. 1909ರಲ್ಲಿ ಶುರುವಾಗಿದ್ದು. ಅದಕ್ಕೆ ನೂರು ವರ್ಷ ತುಂಬಿದಾಗ, 2009ರ ನವೆಂಬರಿನಲ್ಲಿ, ಅಲ್ಲಿನ ಸರ್ಕಾರಿ ಟಿವಿ ಎನ್‌ಆರ್‌ಕೆಯವರು ರೈಲಿನ ಮುಂದೆ ಕ್ಯಾಮೆರಾ ಇಟ್ಟು ಏಳು ಗಂಟೆಗೂ ಹೆಚ್ಚಿನ ಆ ಪ್ರಯಾಣವನ್ನು ಒಂದು ನಿಮಿಷವೂ ಬಿಡದೆ ತೋರಿಸಿದರು. ಕಥೆ ಇಲ್ಲ, ನಾಯಕ ಇಲ್ಲ, ಬರೀ ಹಳಿ, ಹಿಮ, ಬೆಟ್ಟ. ಸುಮಾರು 12 ಲಕ್ಷ ಜನ ಸ್ವಲ್ಪ ಹೊತ್ತಾದರೂ ಅದನ್ನು ನೋಡಿದರಂತೆ. ಆಗ ಆ ದೇಶದ ಜನಸಂಖ್ಯೆಯೇ 50 ಲಕ್ಷ ಇರಲಿಲ್ಲ! ಅಪ್ಪಾಜಿ ಹೋದ ವರ್ಷ, ರಾತ್ರಿ ನಿದ್ದೆ ಬಾರದೆ ನಾನೂ ಅದನ್ನು ಮೊಬೈಲಿನಲ್ಲಿ ಪೂರ್ತಿ ನೋಡಿದ್ದೆ. ಒಂದೇ ಸಲಕ್ಕಲ್ಲ, ಕಂತು ಕಂತಾಗಿ ಹದಿನೈದು ರಾತ್ರಿ. ಹಾಗಾಗಿ "ಸುರಂಗ ಇರ್ತದಾ ಮಿಸ್?" ಅಂತ ಕೇಳಿದರೆ "ಇರುತ್ತೆ, ನೂರಕ್ಕೂ ಹೆಚ್ಚು" ಅಂತ ಧೈರ್ಯವಾಗಿ ಹೇಳಿದೆ. "ಸುರಂಗದೊಳಗ ಹೆಂಗಿರ್ತದೆ ಮಿಸ್?" ಅಂದಳು. ಅಲ್ಲಿ ಸಿಕ್ಕಿಬಿದ್ದೆ. ಯಾಕಂದ್ರೆ ಆ ಟಿವಿಯವರು ಸುರಂಗ ಬಂದಾಗಲೆಲ್ಲ ಕತ್ತಲೆ ತೋರಿಸೋ ಬದಲು ಹಳೇ ಕಾಲದ ಫಿಲ್ಮಿನ ತುಣುಕು ಹಾಕಿಬಿಟ್ಟಿದ್ದರು. ಆ ಪ್ರಯಾಣದ ಸುರಂಗದೊಳಗೆ ಏನಿದೆ ಅಂತ ನನಗೇ ಗೊತ್ತಿರಲಿಲ್ಲ. ನಿಜವಾದ ಒಂದು ರೈಲು ಸುರಂಗದಲ್ಲೂ ನಾನು ಹೋದವಳಲ್ಲ. ಅಷ್ಟರಲ್ಲಿ ಬೆಲ್ ಹೊಡೀತು.

ಆವತ್ತು ರಾತ್ರಿ ಊಟ ಸೇರಲಿಲ್ಲ. ನಲವತ್ತೊಂದು ವರ್ಷದವಳು, ಹನ್ನೆರಡು ವರ್ಷದ ಕೂಸಿನ ಮುಂದೆ ಸಣ್ಣವಳಾಗಿಬಿಟ್ಟಿದ್ದೆ.

ನಾರ್ವೆಗೆ ಹೋಗೋಣ ಅಂದ್ರೆ ನನ್ನ ಹತ್ರ ಪಾಸ್‌ಪೋರ್ಟೇ ಇಲ್ಲ, ದುಡ್ಡಿನ ಮಾತು ಆಮೇಲೆ. ಅಟ್ಲಾಸ್ ತೆಗೆದೆ. ಬೆಟ್ಟ ಬೇಕು, ಸುರಂಗ ಬೇಕು, ಬೆಟ್ಟದ ಸಂದಿಗೆ ಸಮುದ್ರ ಒಳಗೆ ಬಂದಿರಬೇಕು, ಅದನ್ನೆಲ್ಲ ರೈಲಿನ ಕಿಟಕಿಯಿಂದ ನೋಡೋಕೆ ಆಗಬೇಕು. ಬೆರಳು ಇಟ್ಟುಕೊಂಡು ಹೋದರೆ ಸಕಲೇಶಪುರ, ಸುಬ್ರಹ್ಮಣ್ಯ, ಮಂಗಳೂರು, ಹೊನ್ನಾವರ, ಕಾರವಾರ! ನಮ್ಮ ರಾಜ್ಯದೊಳಗೇ ಇತ್ತು. ದಸರಾ ರಜೆಯಲ್ಲಿ ಹೋಗೋದು ಅಂತ ತೀರ್ಮಾನ ಮಾಡಿದೆ. ಒಬ್ಬಳೇ.

"ಯಾರ್ ಜೊತ ಹೋದೀಯವ್ವ?" ಅಂದಳು ಅವ್ವ.

"ಒಬ್ಳೇ."

"ಬೆಟ್ಟ ನೋಡಕ್ಕ ಅಷ್ಟು ದೂರ ಹೋಗ್ಬೇಕಾ? ಮನ ಮುಂದ ನಿಂತ್ಕಂಡ್ರ ಬಿಳಿಗಿರಿರಂಗನ ಬೆಟ್ಟ ಕಾಣಕಿಲ್ವ?"

ಉತ್ತರ ಹೊಳೆಯಲಿಲ್ಲ. ಅಕ್ಕನ ಮಗನ ಕಾಲೇಜು ಬ್ಯಾಗನ್ನು ಇಸ್ಕೊಂಡು, ಎರಡು ಜೊತೆ ಬಟ್ಟೆ, ಒಂದು ಶಾಲು, ಟಾರ್ಚು ತುಂಬಿದೆ. ಅವ್ವ ಮಾತಾಡದೆ ಹುಳಿಯನ್ನ ಕಟ್ಟಿಕೊಟ್ಟಳು. ಮೂರು ಜನ ತಿನ್ನುವಷ್ಟು.

ನಮ್ಮೂರಿಗೆ ರೈಲಿಲ್ಲ. ಬೆಂಗಳೂರಿನ ಹತ್ತಿರದ ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಮೇಲೆ ಚಾಮರಾಜನಗರಕ್ಕೆ 142 ಕಿ.ಮೀ. ರೈಲು ಮಾರ್ಗ ಅಂತ 1996-97ರಲ್ಲೇ ಮಂಜೂರಾಗಿದೆ. ನಾನಾಗ ಹೈಸ್ಕೂಲ್ ಹುಡುಗಿ. ಪೇಪರಿನಲ್ಲಿ ಬಂದ ನಕ್ಷೆಯನ್ನು ಅಪ್ಪಾಜಿ ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿದ್ದರು. ಆ ಕಾಗದ ಹಳದಿಯಾಗಿ, ಆಮೇಲೆ ಪುಡಿಯಾಗಿ, ಕೊನೆಗೆ ಅಂಟಿನ ಕಲೆ ಮಾತ್ರ ಉಳಿದಿದೆ. ನಮ್ಮ ಕಡೆ ಒಂದು ಹಳಿಯೂ ಬಿದ್ದಿಲ್ಲ. ಹಾಗಾಗಿ ನನ್ನ ರೈಲು ಪ್ರವಾಸ ಶುರುವಾಗಿದ್ದು ಬಸ್ಸಿನಿಂದ... ಸಂತೇಮರಹಳ್ಳಿ ಮೇಲೆ ಚಾಮರಾಜನಗರ, ಅಲ್ಲಿಂದ ಮೈಸೂರಿಗೆ ರೈಲು. ಈ 61 ಕಿ.ಮೀ. ದಾರಿಯಲ್ಲಿ ಬೆಟ್ಟವೂ ಇಲ್ಲ ಸುರಂಗವೂ ಇಲ್ಲ. ನಂಜನಗೂಡಿನಲ್ಲಿ ಕಪಿಲೆ ದಾಟುವಾಗ ಪಕ್ಕದಲ್ಲಿ ಹಳೇ ಕಲ್ಲಿನ ಸೇತುವೆ ಕಾಣುತ್ತೆ. 18ನೇ ಶತಮಾನದಲ್ಲಿ ದಳವಾಯಿ ಕಟ್ಟಿಸಿದ್ದು. ಬ್ರಾಡ್‌ಗೇಜ್ ಆಗೋ ತನಕ ಬಸ್ಸು, ಗಾಡಿ, ಮೀಟರ್‌ಗೇಜ್ ರೈಲು ಎಲ್ಲಾ ಅದರ ಮೇಲೇ ಓಡಾಡ್ತಿದ್ದವು. ಆ ಸೇತುವೆ ಮೇಲೆ ರೈಲು ಹೋಗುವಾಗ ಅಪ್ಪಾಜಿಯ ತೊಡೆ ಮೇಲೆ ಕೂತು ನೀರು ನೋಡಿದ ನೆನಪು ಮಸುಕಾಗಿದೆ.

ಮೈಸೂರಿನಿಂದ ಹೊಳೆನರಸೀಪುರದ ಮೇಲೆ ಹಾಸನ. ಅಲ್ಲಿ ರಾತ್ರಿ ದೊಡ್ಡಮ್ಮನ ಮಗಳ ಮನೆ. ಅವಳು ಊಟಕ್ಕಿಂತ ಜಾಸ್ತಿ ಬುದ್ಧಿಮಾತು ಬಡಿಸಿದಳು. ಬೆಳಿಗ್ಗೆ ತನ್ನ ಮಗನನ್ನೇ ಜೊತೆಗೆ ಕಳಿಸ್ತೀನಿ ಅಂತ ಹಟ ಹಿಡಿದಳು. ಆ ಹುಡುಗನಿಗೆ ಆವತ್ತು ಕ್ರಿಕೆಟ್ ಮ್ಯಾಚ್ ಇತ್ತು. ದೇವರಿದ್ದಾನೆ.

ಬೆಂಗಳೂರಿಂದ ಮಂಗಳೂರಿಗೆ ಹೋಗೋ ಹಗಲು ಗಾಡಿ ಹಾಸನಕ್ಕೆ ಬಂತು. 2021ರಿಂದ ಈ ಹಗಲು ಗಾಡಿಗಳಿಗೆ ವಿಸ್ಟಾಡೋಮ್ ಅಂತ ಗಾಜಿನ ಬೋಗಿ ಸೇರಿಸಿದ್ದಾರೆ. ಅದರ ಟಿಕೆಟ್ ಯಾವತ್ತೋ ಖಾಲಿ. ನನ್ನದು ಮಾಮೂಲಿ ಸೆಕೆಂಡ್ ಸಿಟ್ಟಿಂಗ್, ಕಿಟಕಿ ಸೀಟು. ಎದುರಿಗೆ ಪುತ್ತೂರು ಕಡೆಯ ಗಂಡ ಹೆಂಡತಿ. ಆಕೆ ಕೇಳಿದ ಮೊದಲ ಪ್ರಶ್ನೆ, "ನೀವು ಒಬ್ರೇಯಾ?" ಎರಡನೇದು, "ಮನೆಯವ್ರು ಬರ್ಲಿಲ್ವಾ?" ಮೂರನೇದಕ್ಕೆ ಅವಕಾಶ ಕೊಡದೆ ಹುಳಿಯನ್ನದ ಡಬ್ಬಿ ತೆಗೆದೆ. ಅವ್ವ ಯಾಕೆ ಮೂರು ಜನಕ್ಕೆ ಕಟ್ಟಿದ್ದಳು ಅಂತ ಆಗ ಅರ್ಥ ಆಯ್ತು.

ಸಕಲೇಶಪುರ 900 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿ.ಮೀ. ಘಟ್ಟ. ಈ 55 ಕಿ.ಮೀ.ಗೆ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಇಳಿಜಾರು 50 ಅಡಿ ಹೋದರೆ ಒಂದು ಅಡಿ. ಕೇಳೋಕೆ ಏನೂ ಅಲ್ಲ ಅನ್ಸುತ್ತೆ, ಆದರೆ ಸಾವಿರ ಟನ್ ತೂಕದ ಗಾಡಿಗೆ ಅದು ದೊಡ್ಡ ಜಾರುಬಂಡೆ. ಅದಕ್ಕೇ ಹೆಚ್ಚೆಂದರೆ ಗಂಟೆಗೆ 30 ಕಿ.ಮೀ. ವೇಗ. ಬ್ರೇಕ್ ತಪ್ಪಿದ ಗಾಡಿ ಹತ್ತಿಕೊಂಡು ನಿಲ್ಲಲಿ ಅಂತ ಪಕ್ಕಕ್ಕೆ ಏರುವ ಹಳಿಗಳನ್ನೂ ಹಾಕಿದ್ದಾರೆ. ನಾರ್ವೆಯಲ್ಲಿ ಬೆಟ್ಟದ ಮೇಲಿನ ಮಿರ್ಡಾಲ್‌ನಿಂದ ಫಿಯೋರ್ಡ್ ದಡದ ಫ್ಲೋಮ್‌ಗೆ ಇಳಿಯುವ ಒಂದು ಕವಲು ಮಾರ್ಗ ಇದೆ. ಅದು ಬರೀ 20 ಕಿ.ಮೀ.ಯಲ್ಲಿ 866 ಮೀಟರಿನಿಂದ ಸಮುದ್ರಮಟ್ಟಕ್ಕೆ ಇಳಿಯುತ್ತೆ, 18ಕ್ಕೆ ಒಂದರಂತೆ! ಇಳಿಜಾರಿನಲ್ಲಿ ಅವರು ಗೆದ್ದರು, ಸುರಂಗದಲ್ಲಿ ನಾವು. ಅವರದು 20.

ನಮ್ಮ ಈ ಮಾರ್ಗ ಶುರುವಾಗಿದ್ದು 1979ರಲ್ಲಿ, ಮೀಟರ್‌ಗೇಜ್ ಆಗಿ. 1996ರಲ್ಲಿ ಗೇಜ್ ಬದಲಿಸೋಕೆ ಅಂತ ಮುಚ್ಚಿದರು. ಜನರನ್ನು ಹೊತ್ತ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಮಧ್ಯದಲ್ಲಿ ರೈಲಿಲ್ಲದ ಹನ್ನೊಂದು ವರ್ಷ ಕಾಲೇಜು ಹುಡುಗರು ಈ ಹಳಿ ಮೇಲೆ ನಡೆದು ಚಾರಣ ಮಾಡಿ ಹಸಿರು ದಾರಿ ಅಂತ ಹೆಸರಿಟ್ಟರು. ನಿಮ್ಮಲ್ಲೂ ಎಷ್ಟೋ ಜನ ನಡೆದಿರಬಹುದು. ಈಗ ಹಾಗೆ ನಡೆಯೋದು ನಿಷಿದ್ಧ, ಅಪಾಯ ಕೂಡ.

ದೋಣಿಗಲ್ ದಾಟಿ ಮೊದಲ ಸುರಂಗ ಬಂತು. ಬೋಗಿಯ ಹುಡುಗರೆಲ್ಲ "ಓಓಓ" ಅಂತ ಕೂಗಿದರು. ಕತ್ತಲೆ. ತಣ್ಣನೆ ಗಾಳಿ, ಒದ್ದೆ ಕಲ್ಲಿನ ವಾಸನೆ, ಸದ್ದು ಇದ್ದಕ್ಕಿದ್ದಂತೆ ನಾಲ್ಕು ಪಟ್ಟು. ಆಮೇಲೆ ಫಕ್ಕನೆ ಬೆಳಕು, ಕಾಲ ಕೆಳಗೆ ಇಡೀ ಕಣಿವೆ. ಕಣ್ಣು ಹೊಂದಿಕೊಂಡು ಏನಾದರೂ ಕಾಣೋ ಹೊತ್ತಿಗೆ ಮತ್ತೆ ಸುರಂಗ. ಇಷ್ಟು ದೂರ ನೋಡೋಕೆ ಅಂತ ಬಂದವಳಿಗೆ ಕಂಡದ್ದಕ್ಕಿಂತ ಕಾಣದೇ ಹೋದದ್ದೇ ಹೆಚ್ಚು ಅನ್ನಿಸಿ ಮೊದಮೊದಲು ಸಿಟ್ಟೇ ಬಂತು. ಹತ್ತು ಹನ್ನೆರಡು ಸುರಂಗ ಆದ ಮೇಲೆ ಹುಡುಗರೂ ಕೂಗಿ ಸುಸ್ತಾದರು. ಆಮೇಲೆ ಕತ್ತಲೆಯಲ್ಲಿ ನಾನೊಬ್ಬಳೇ ಉಳಿದೆ. ಇಲ್ಲಿ ಹಳೇ ಫಿಲ್ಮು ಹಾಕೋಕೆ ಯಾವ ಟಿವಿಯವರೂ ಇಲ್ಲ. ನನ್ನದೇ ಫಿಲ್ಮು ಓಡೋಕೆ ಶುರುವಾಯ್ತು. ಡಿಗ್ರಿಯಲ್ಲಿ ಗೆಳತಿಯರು ಗೋಕರ್ಣಕ್ಕೆ ಹೊರಟಾಗ, ಮನೇಲಿ ಬಿಡೋದಿಲ್ಲ ಅಂತ ಗೊತ್ತಿದ್ದೂ "ನಂಗೆ ಸಮುದ್ರ ಅಂದ್ರೆ ಅಷ್ಟಕ್ಕಷ್ಟೇ" ಅಂದದ್ದು. ಅಪ್ಪಾಜಿ ಆಸ್ಪತ್ರೆಯಲ್ಲಿ "ವಾಸಿ ಆಗ್ತೀನಾ ಮಗ" ಅಂದಾಗ "ಹೂಂ" ಅಂದದ್ದು. ಕ್ಲಾಸಿನಲ್ಲಿ "ಹೂಂ" ಅಂದದ್ದು. ಎಲ್ಲಾ ಸುಳ್ಳೂ ಒಂದೇ ಅಲ್ಲ, ಗೊತ್ತು. ಆದರೆ ಕತ್ತಲೆಯಲ್ಲಿ ಎಲ್ಲಾ ಒಂದೇ ದನಿಯಲ್ಲಿ ಕೇಳಿಸ್ತವೆ.

ಎಷ್ಟನೇ ಸುರಂಗವೋ ಲೆಕ್ಕ ತಪ್ಪಿತ್ತು. ಒಳಗೆ ಒಂದು ಟಾರ್ಚಿನ ಬೆಳಕು ಕಂಡಿತು. ಗೋಡೆಯಲ್ಲಿ ಆಳು ನಿಲ್ಲುವಷ್ಟು ಒಂದು ಗೂಡು, ಅದರಲ್ಲಿ ಬೆನ್ನು ಒತ್ತಿ ನಿಂತ ಹಳಿ ಕಾಯುವ ಮನುಷ್ಯ. ರೈಲು ಅವನ ಮುಖದ ಮುಂದೆಯೇ ಹಾದು ಹೋಯ್ತು. ಒಂದು ಕ್ಷಣ, ಅಷ್ಟೇ. ನಾನು "ಒಬ್ಳೇ ಹೊರಟಿದ್ದೀನಿ" ಅಂತ ಎರಡು ದಿನದಿಂದ ಒಳಗೊಳಗೇ ಬೀಗ್ತಿದ್ದೆ ನೋಡಿ, ಅದು ಅಲ್ಲೇ ಇಳಿಯಿತು. ಮಳೆಗಾಲದ ರಾತ್ರಿಗಳಲ್ಲಿ ಎಲ್ಲಿ ಗುಡ್ಡ ಜಾರಿದೆಯೋ, ಎಲ್ಲಿ ಬಂಡೆ ಉರುಳಿದೆಯೋ ಅಂತ ನೋಡ್ತಾ ಹಳಿ ಉದ್ದಕ್ಕೂ ನಡೆಯೋ ಇಂಥವರು ಇರೋದರಿಂದ ನನ್ನಂಥವಳು ಕಿಟಕಿ ಪಕ್ಕ ಕೂತು ಪ್ರವಾಸ ಅಂತ ಕರೀಬಹುದು. ಎಡಕುಮೇರಿ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ಸುತ್ತ ಕಾಡು, ಒಂದು ಕಟ್ಟಡ, ಹಸಿರು ಬಾವುಟ ಹಿಡಿದ ಒಬ್ಬರು. ಮನೆಗಳಿಲ್ಲ, ಅಂಗಡಿಯಿಲ್ಲ. ಪುತ್ತೂರಿನಾಕೆ "ಇಲ್ಲಿ ಕೆಲಸ ಮಾಡುವವರಿಗೆ ಸಾಮಾನು ಬರೋದೂ ರೈಲಲ್ಲೇ" ಅಂದರು. ಮೂರನೇ ಪ್ರಶ್ನೆ ಅವರು ಕೇಳಲೇ ಇಲ್ಲ. ಇಳಿಯೋ ಮುಂಚೆ ನನ್ನ ಡಬ್ಬಿಯನ್ನು ತೊಳೆದು, ಅದರ ತುಂಬ ಹಲಸಿನ ಹಪ್ಪಳ ತುಂಬಿ ಕೊಟ್ಟರು.

ಮಂಗಳೂರು ಬಗ್ಗೆ ಹೆಚ್ಚು ಬರೆಯೋಲ್ಲ. ಮೊದಲು ಹೋದ ಲಾಡ್ಜಿನಲ್ಲಿ ರೂಮು ಇತ್ತು. "ಒಬ್ರೇನಾ?" ಅಂತ ಕೇಳಿದ ಮೇಲೆ ಇರಲಿಲ್ಲ. ಬ್ಯಾಗು ಹೊತ್ತುಕೊಂಡು ರಸ್ತೆಗೆ ಬಂದು ಸ್ವಲ್ಪ ಹೊತ್ತು ನಿಂತೆ, ಕಣ್ಣಲ್ಲಿ ನೀರು ಬಂತು ಅಂತ ಹೇಳೋಕೆ ನಾಚಿಕೆ ಇಲ್ಲ. ಎರಡನೇ ಕಡೆ ಒಬ್ಬರು ವಯಸ್ಸಾದವರು ಆಧಾರ್ ನೋಡಿ, "ಟೀಚರಾ? ಮೇಲಿನ ರೂಮು ತಗೊಳ್ಳಿ, ಗಾಳಿ ಬರ್ತದೆ" ಅಂದರು. ಊರು ಅಂದ್ರೆ ಹೀಗೇ, ಎರಡೂ ಇರುತ್ತೆ.

ಮರುದಿನ ನಸುಕಿನಲ್ಲೇ ಮಡಗಾಂವ್ ಕಡೆಯ ಪ್ಯಾಸೆಂಜರ್ ಹತ್ತಿದೆ. ತೋಕೂರಿನಿಂದ ಆಚೆಗೆ ಕೊಂಕಣ ರೈಲ್ವೆ. 741 ಕಿ.ಮೀ. ಉದ್ದ, 1990ರಲ್ಲಿ ಶುರುಮಾಡಿ 1998ರ ಜನವರಿ 26ಕ್ಕೆ ಪೂರ್ತಿ ಮಾಡಿದ್ದು. (ನಮ್ಮ 142 ಕಿ.ಮೀ. ನೆನಪಾಯ್ತಾ? ನನಗೂ ಆಯ್ತು.) ಉಡುಪಿ, ಕುಂದಾಪುರ, ಬೈಂದೂರು... ಪ್ರತಿ ಸ್ಟೇಷನ್ನಿನಲ್ಲೂ ಕಾಲೇಜು ಹುಡುಗಿಯರು, ಬುಟ್ಟಿ ಹಿಡಿದ ಹೆಂಗಸರು ಹತ್ತೋದು ಇಳಿಯೋದು. ಅವರೆಲ್ಲ ಒಬ್ಬೊಬ್ಬರೇ! ಯಾರೂ ಯಾರನ್ನೂ "ಒಬ್ರೇನಾ" ಅಂತ ಕೇಳ್ತಿರಲಿಲ್ಲ. ರೈಲು ಇರೋ ಊರಿಗೂ ಇಲ್ಲದ ಊರಿಗೂ ಇದೇ ವ್ಯತ್ಯಾಸ ಇರಬಹುದಾ ಅನ್ನಿಸಿತು.

ಹೊನ್ನಾವರ ಬಂತು. ಶರಾವತಿ ಸೇತುವೆ. ಎರಡು ಕಿಲೋಮೀಟರಿಗಿಂತ ಉದ್ದ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಜೋಗದಲ್ಲಿ ಅಷ್ಟು ಎತ್ತರದಿಂದ ಬಿದ್ದ ನದಿಯೇ ಇದು ಅಂದ್ರೆ ನಂಬೋಕಾಗಲ್ಲ, ಸದ್ದೇ ಇಲ್ಲ. ಒಂದು ಕಡೆ ಸಮುದ್ರ ಬಾಯಿ ತೆರೆದಿದೆ. ಇನ್ನೊಂದು ಕಡೆ ನೀರು ತೆಂಗಿನ ತೋಟಗಳ ದ್ವೀಪಗಳನ್ನು ಸುತ್ತಿಕೊಂಡು ನೀಲಿ ಘಟ್ಟದ ಬುಡದವರೆಗೂ ಹೋಗಿದೆ. ನನ್ನೊಳಗಿನ ಮೇಡಂ ಎದ್ದು ನಿಂತಳು. ಇದು ಫಿಯೋರ್ಡ್ ಅಲ್ಲ. ಇಲ್ಲಿ ಹಿಮನದಿ ಇರಲಿಲ್ಲ. ಕೊನೆಯ ಹಿಮಯುಗ ಮುಗಿದು ಸಮುದ್ರ ಏರಿದಾಗ, ನದಿ ತಾನೇ ಮಾಡಿಕೊಂಡಿದ್ದ ಕಣಿವೆಯ ಬಾಯಿ ಮುಳುಗಿ ಆದದ್ದು, ಅಳಿವೆ. ನಾರ್ವೆಯ ಸೋಗ್ನೆ ಫಿಯೋರ್ಡ್ 1,300 ಮೀಟರ್ ಆಳ. ಇಲ್ಲಿ ಎಷ್ಟೋ ಕಡೆ ಜನ ನೀರಲ್ಲಿ ನಿಂತು ಚಿಪ್ಪಿಕಲ್ಲು ಆರಿಸ್ತಾರೆ. ಎರಡೂ ಕಡೆ ಮಾಡಿದ್ದು ಒಂದೇ ಸಮುದ್ರ, ಸಿಕ್ಕಿದ ಕಣಿವೆ ಬೇರೆ ಬೇರೆ.

ಪಕ್ಕದಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿಯನ್ನು ಕೇಳಿದೆ, "ಅಜ್ಜಿ, ಇದು ಹೊಳೆಯಾ, ಸಮುದ್ರವಾ?"

ಅವರು ಕಿಟಕಿ ಕಡೆ ನೋಡಲೂ ಇಲ್ಲ. "ಈಗ ಹೊಳೆ. ಮಧ್ಯಾಹ್ನ ಭರತ ಬಂದ್ರೆ ಸಮುದ್ರ."

ಹದಿನಾಲ್ಕು ವರ್ಷ ಪಾಠ ಮಾಡಿದ ನನಗೆ ಇಷ್ಟು ಚೆನ್ನಾಗಿ ಹೇಳೋಕೆ ಬಂದಿರಲಿಲ್ಲ.

ಕುಮಟಾ ದಾಟಿ ಅಘನಾಶಿನಿ, ಗೋಕರ್ಣ ರೋಡ್ ದಾಟಿ ಗಂಗಾವಳಿ, ಮಧ್ಯೆ ಮಧ್ಯೆ ಸುರಂಗ. ಕಾರವಾರದಲ್ಲಿ ಇಳಿದು ಆಟೋದಲ್ಲಿ ಕೋಡಿಬಾಗಕ್ಕೆ ಹೋಗಿ ಕಾಳಿ ನದಿ ಸಮುದ್ರ ಸೇರೋದನ್ನು ಸಂಜೆವರೆಗೆ ನೋಡಿದೆ. ಹೆದ್ದಾರಿಯ ಜೋಡಿ ಸೇತುವೆಗಳ ಪಕ್ಕದಲ್ಲೇ ನಿಂತಿದ್ದೆ. ಅದರಲ್ಲಿ ಹಳೆಯದು ಮರುವರ್ಷ, 2024ರ ಆಗಸ್ಟ್ 7ರ ನಡುರಾತ್ರಿ ಕಳಚಿ ನದಿಗೆ ಬಿತ್ತು. ಒಂದು ಲಾರಿಯೂ ಬಿತ್ತು, ಚಾಲಕನನ್ನು ಜೀವಂತ ಮೇಲೆತ್ತಿದರು. ಅದಕ್ಕೂ ಮೂರು ವಾರ ಮೊದಲು, ಜುಲೈ 16ರಂದು, ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯಲ್ಲಿದ್ದ ಜನ ಮಣ್ಣಿನಡಿ, ಗಂಗಾವಳಿಯೊಳಗೆ ಹೋದರು. ಟಿವಿಯಲ್ಲಿ ಆ ನೀರು, ಆ ಗುಡ್ಡ ನೋಡುವಾಗ ಎದೆ ಝಲ್ ಅಂತು. ನಾನು ಕಿಟಕಿಯಿಂದ "ಆಹಾ" ಅಂದಿದ್ದು ಅದೇ ಗಂಗಾವಳಿಯನ್ನು, ಅದೇ ಸಾಲು ಗುಡ್ಡಗಳನ್ನು. ಸುಂದರವಾಗಿದೆ ಅಂತ ಹೇಳಿ ದಾಟಿ ಹೋಗೋಕೆ ನನಗೇನು, ರೈಲಿತ್ತು. ಅಲ್ಲಿ ಇರೋರು ಅದರ ಕೆಳಗೇ ಮಲಗಬೇಕು.

ರಜೆ ಮುಗಿದ ಮೊದಲ ದಿನ. ಕ್ಲಾಸಿಗೆ ಹೋಗಿ ಅಟೆಂಡೆನ್ಸ್ ಹಾಕೋದಕ್ಕೂ ಮುಂಚೆ ನಿಂತು ಹೇಳಿದೆ. ರಾತ್ರಿಯೆಲ್ಲ ಉರು ಹೊಡೆದಿದ್ದೆ, ಆದರೂ ಗಂಟಲು ಒಣಗಿತ್ತು.

"ನೋಡ್ರಪ್ಪ, ನಾನು ಫಿಯೋರ್ಡ್ ನೋಡಿಲ್ಲ. ನಾರ್ವೆಗೆ ಹೋಗಿಲ್ಲ. ಆವತ್ತು ಸುಳ್ಳು ಹೇಳಿದ್ದೆ."

ಒಂದು ನಿಮಿಷ ಸದ್ದಿಲ್ಲ. ಆಮೇಲೆ ಮುಂದಿನ ಬೆಂಚಿನ ಆ ಹುಡುಗಿ ಹೇಳಿದಳು, "ಗೊತ್ತಿತ್ತು ಮಿಸ್."

"ಹೇಗೆ?"

"ಹೋಗಿದ್ರ ಫೋಟೋ ತೋರಿಸ್ತಿದ್ರಿ."

ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ, ಕಣ್ಣೊರೆಸಿಕೊಂಡು. ಆಮೇಲೆ ನಿಜವಾಗಿ ನೋಡಿದ್ದನ್ನು ಹೇಳಿದೆ. 57 ಸುರಂಗ, ಗೂಡಿನಲ್ಲಿ ನಿಂತ ಮನುಷ್ಯ, ಹೊಳೆ ಮಧ್ಯಾಹ್ನ ಸಮುದ್ರ ಆಗೋದು. ಸುರಂಗದಲ್ಲಿ ಹೇಗಿರುತ್ತೆ ಅಂತ ತೋರಿಸೋಕೆ ಕಿಟಕಿ ಬಾಗಿಲು ಎಲ್ಲಾ ಮುಚ್ಚಿ ಕತ್ತಲೆ ಮಾಡಿದ್ವಿ. ಮಕ್ಕಳು ಕೂಗಿದ ಕೂಗಿಗೆ ಪಕ್ಕದ ಕ್ಲಾಸಿನ ಮೇಷ್ಟ್ರು ಓಡಿ ಬಂದರು!

ಹೊರಡೋ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿದ. "ಮಿಸ್, ನಮ್ಮೂರ್‌ಗ ರೈಲು ಯಾವಾಗ ಬತ್ತದ?"

ಇಂಥ ಪ್ರಶ್ನೆಗೆ ಮೊದಲಾಗಿದ್ದರೆ "ಬೇಗ ಬರುತ್ತೆ" ಅಂತಿದ್ದೆ.

"ಗೊತ್ತಿಲ್ಲ ಕಣೋ" ಅಂದೆ. ಹೇಳೋಕೆ ಅಂಥಾ ಕಷ್ಟವೇನೂ ಆಗಲಿಲ್ಲ.

ಅಂದಹಾಗೆ, ಅವ್ವ ಹಲಸಿನ ಹಪ್ಪಳ ಕರಿದು ತಿಂದ ಮೇಲೆ ಒಂದು ದಿನ ಕೇಳಿದಳು, ಅತ್ತ ಕಡೆ ಮುಖ ಮಾಡಿಕೊಂಡು, "ಆ ಸುರಂಗದೊಳಗ ಭಯ ಆಯ್ತದ?" ಆಯ್ತದೆ ಅಂದೆ. "ಮುಂದ್ಲ ಸಲ ನಾನೂ ಬತ್ತೀನಿ."

ಇನ್ನು ಒಬ್ಬಳೇ ಹೋಗೋ ಪ್ರವಾಸದ ಕಥೆ ಇಲ್ಲಿ ಬರೋದು ಡೌಟು :)